ಭಟ್ಟರ ಜೀಪು ಕುಡಿದ ಧೂಳು

ನವರಾತ್ರಿ ಕಳೆದ ಮೇಲೆ ನಾನು ಕಟ್ಟಿಕೊಟ್ಟಿದ್ದ ಎಂಜಿನ್ ಸಂಕ್ರಾಂತಿಗೂ ಮೊದಲೇ ನೀಲಿ ಹೊಗೆ ಉಗುಳುತ್ತಾ ವಾಪಸ್ ಬಂತು. ಸವಳಂಗ ರಸ್ತೆಯಿಂದ ಜೀಪು ನಮ್ಮ ಗ್ಯಾರೇಜಿನತ್ತ ತಿರುಗುವಾಗಲೇ ಹೊಗೆ ಕಂಡಿತು. ಶಟರ್ ಎಳೆದು ಒಳಗೆ ಕೂತುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಶಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅಪ್ಪಾಜಿ ಕೂತಿದ್ದರು. ಅವರು ನನಗಿಂತ ಮೊದಲೇ ನೋಡಿಯಾಗಿತ್ತು.

ಗ್ಯಾರೇಜು ಅಪ್ಪಾಜಿಯದು. ಮಂಡಿಯ ಆಪರೇಷನ್ ಆದ ಮೇಲೆ ಅವರು ಗಾಡಿಯ ಕೆಳಗೆ ಮಲಗುವುದನ್ನು ಬಿಟ್ಟರು, ಕುರ್ಚಿಯಿಂದ ಹೇಳುವುದನ್ನು ಬಿಡಲಿಲ್ಲ. ಕ್ಲಚ್ಚು, ಬ್ರೇಕು, ಗೇರ್ ಬಾಕ್ಸು ಎಲ್ಲ ನಾನು ಎಷ್ಟೋ ವರ್ಷದಿಂದ ಮಾಡುತ್ತಿದ್ದೆ. ಆದರೆ ಎಂಜಿನ್ ಪೂರ್ತಿ ಬಿಚ್ಚಿ, ಬ್ಲಾಕನ್ನು ಭದ್ರಾವತಿಗೆ ಒಯ್ದು ಸಿಲಿಂಡರುಗಳ ಒಳಗೋಡೆ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ಅದರ ಸುತ್ತಿನ ರಿಂಗು, ಬೇರಿಂಗ್ ಹಾಕಿ, ಅಪ್ಪಾಜಿಯ ಕೈ ಸೋಕದ ಹಾಗೆ ನಾನೊಬ್ಬಳೇ ಕಟ್ಟಿದ ಮೊದಲ ಎಂಜಿನ್ ಇದೇ. ಅದನ್ನು ಕಟ್ಟುವಾಗ ಅಪ್ಪಾಜಿ ಪೇಪರ್ ಓದುವವರ ಹಾಗೆ ನಟಿಸುತ್ತಾ ಕಣ್ಣನ್ನೆಲ್ಲ ನನ್ನ ಕೈಯ ಮೇಲೆ ಇಟ್ಟಿದ್ದರು.

ಜೀಪು ಭಟ್ಟರದು. ಅವರ ಮನೆ ವಿದ್ಯಾನಗರದಲ್ಲಿ. ಪೂಜೆ ಮಾಡುವುದು ಶಂಕರಘಟ್ಟದಿಂದಾಚೆ ಒಂದು ಗುಡ್ಡದ ಮೇಲಿನ ದೇವಸ್ಥಾನದಲ್ಲಿ. ಗುಡ್ಡಕ್ಕೆ ಇರುವುದು ಕೆಮ್ಮಣ್ಣಿನ ದಾರಿ, ನಡುನಡುವೆ ತಲೆಯೆತ್ತಿದ ಬಂಡೆ. ಫೋರ್ ವೀಲ್ ಹಾಕದೆ ಯಾವ ಗಾಡಿಯೂ ಹತ್ತುವುದಿಲ್ಲ. ಭಟ್ಟರು ಪಂಚೆ ಎತ್ತಿ ಕಟ್ಟಿ, ಲೋ ಗೇರಿಗೆ ಎಳೆದು, ಆ ಹಳೇ ಡೀಸೆಲ್ ಜೀಪನ್ನು ಮೇಲಕ್ಕೆ ಹತ್ತಿಸುವುದನ್ನು ನೋಡಿದರೆ ಮಂತ್ರಕ್ಕಿಂತ ಸ್ಟೇರಿಂಗೇ ಅವರಿಗೆ ಚೆನ್ನಾಗಿ ಒಲಿದಿದೆ ಅನ್ನಿಸಬೇಕು.

"ಎಣ್ಣೆ ಕುಡೀತಾ ಇದೆ ಮಾರಾಯ್ತಿ," ಅಂದರು ಇಳಿಯುತ್ತಲೇ. "ಗುಡ್ಡದಲ್ಲಿ ಉಸಿರೇ ಇಲ್ಲ. ಧನುರ್ಮಾಸ ಬೇರೆ. ಬೆಳಗಾಗೋದ್ರೊಳಗೆ ನೈವೇದ್ಯ ಆಗ್ಬೇಕು. ಅರ್ಧ ಗುಡ್ಡದಲ್ಲಿ ನಿಂತ್ರೆ ಹುಗ್ಗಿ ಪಾತ್ರೆ ಹೊತ್ಕೊಂಡು ಹತ್ತೋ ವಯಸ್ಸಲ್ಲ ನಂದು."

"ರಿಂಗ್ ಕೂತಿಲ್ಲ," ಅಂದರು ಅಪ್ಪಾಜಿ ಕುರ್ಚಿಯಿಂದ. ಬಾನೆಟ್ ಇನ್ನೂ ತೆರೆದಿರಲಿಲ್ಲ.

ಅಂದರೆ ಕಟ್ಟಿದವಳದೇ ತಪ್ಪು. ಇಂಜೆಕ್ಟರ್‌ಗಳನ್ನು ಬಿಚ್ಚಿ, ಆ ತೂತಿಗೆ ಗೇಜ್ ಕೂರಿಸಿ, ಸೆಲ್ಫ್ ಹೊಡೆದು ನೋಡಿದೆ. ನಾಲ್ಕೂ ಸಿಲಿಂಡರಿನಲ್ಲಿ ಒತ್ತಡ ಕಡಿಮೆ. ಒಂದೊಂದಕ್ಕೂ ಚಮಚದಷ್ಟು ಎಣ್ಣೆ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಏರಿತು. ರಿಂಗಿನ ಸಂದನ್ನು ಎಣ್ಣೆ ಮುಚ್ಚಿದ್ದರಿಂದ ಏರಿತು. ಅಂದರೆ ವಾಲ್ವುಗಳು ಸರಿ ಇವೆ, ಹೋಗಿರುವುದು ರಿಂಗುಗಳೇ. ಅಪ್ಪಾಜಿ ಹೇಳಿದ್ದೇ ನಿಜವಾಯಿತು.

ಭಟ್ಟರು ಚಹಾ ಕುಡಿಯಲು ಆಚೆ ಹೋದಾಗ ಅಪ್ಪಾಜಿ ದನಿ ತಗ್ಗಿಸಿ ಹೇಳಿದರು. "ನೋಡವ್ವ, ಬಿಚ್ಚಿದಾಗ ನಿನ್ ಕೆಲ್ಸದ್ದೇ ತಪ್ಪು ಅಂತ ಆದ್ರೆ, ಇನ್ಮೇಲೆ ಎಂಜಿನ್ ಸಹವಾಸ ಬೇಡ. ಬಂದಿದ್ದನ್ನ ಭದ್ರಾವತಿಗೇ ಕಳ್ಸಿಬಿಡೋಣ. ನೀನು ಸರ್ವೀಸಿಂಗ್ ನೋಡ್ಕೋ, ಸಾಕು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಸಮಾಧಾನ ಮಾಡುವವರ ಹಾಗೆ ಹೇಳಿದರು, ಅದೇ ಕೆಟ್ಟದ್ದು. ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಕೈಗೆ ಸಿಕ್ಕ ಸ್ಪ್ಯಾನರನ್ನು ಎತ್ತುವುದು, ಇಡುವುದು, ಮತ್ತೆ ಎತ್ತುವುದು.

ಒಂದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ನಾನು ರಿಂಗ್ ತಪ್ಪಾಗಿ ಹಾಕಿದ್ದರೆ ಒಂದು ಸಿಲಿಂಡರಿನಲ್ಲಿ ತಪ್ಪಿರಬಹುದು, ಹೆಚ್ಚೆಂದರೆ ಎರಡರಲ್ಲಿ. ನಾಲ್ಕೂ ಒಂದೇ ಸಮ ಸವೆಯುವಷ್ಟು ಶಿಸ್ತಾಗಿ ತಪ್ಪು ಮಾಡುವವಳೇ ನಾನು? ಒಂದೇ ಸಮ ಸವೆಯಬೇಕಾದರೆ ನಾಲ್ಕೂ ಒಂದೇ ಏನನ್ನೋ ಕುಡಿದಿರಬೇಕು.

ಮೊದಲು ಸಂಶಯ ಬಂದದ್ದು ಬೋರಿನ ಮೇಲೆ. ಸ್ಕೂಟರ್ ಹತ್ತಿ ಭದ್ರಾವತಿಗೆ ಹೋದೆ. ಕಾರ್ಖಾನೆ ಕಡೆಯ ಸಾಲು ಶೆಡ್ಡುಗಳಲ್ಲಿ ಬೋರಿಂಗ್ ಮೇಸ್ತ್ರಿಯದೂ ಒಂದು. ತಮಿಳು ಮನೆಮಾತಿನವರು, ಅಪ್ಪಾಜಿಯ ಕಾಲದಿಂದ ನಮ್ಮ ಬ್ಲಾಕುಗಳೆಲ್ಲ ಅವರ ಕೈಯಲ್ಲೇ ಬೋರ್ ಆಗಿರುವುದು. ನಾನು ವಿಷಯ ಎತ್ತುತ್ತಿದ್ದ ಹಾಗೆ ಅವರು ಮಷಿನ್ ಆಫ್ ಮಾಡಿದರು.

"ಏನ್ಮಾ, ನಾಲ್ಕು ಬೋರ್‌ಗೂ ಡಯಲ್ ಹಾಕಿ ನಿನ್ಗೇ ತೋರ್ಸಿಲ್ವಾ? ಕರೆಕ್ಟಾ ಇತ್ತು ತಾನೇ? ರಿಂಗ್ ಹಾಕಿದ್ದು ಯಾರು? ಕುಣಿಯಕ್ ಬರ್ದೇ ಇರೋಳು ನೆಲ ಡೊಂಕು ಅಂದ್ಳಂತೆ!"

ಬೋರಿನ ಅಳತೆ ತೋರಿಸುವ ಡಯಲ್ ನಾನೇ ನೋಡಿದ್ದೆ, ಸರಿಯಾಗಿಯೇ ಇತ್ತು. ಸ್ಕೂಟರ್ ತಿರುಗಿಸಿಕೊಂಡು ವಾಪಸ್ ಬಂದೆ.

ಉಳಿದದ್ದು ಧೂಳು. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಈ ಹಳೇ ಜೀಪುಗಳಿಗೆ ಕಾಗದದ ಫಿಲ್ಟರ್ ಇರುವುದಿಲ್ಲ, ಎಣ್ಣೆಯ ಏರ್ ಕ್ಲೀನರ್ ಇರುತ್ತದೆ. ಡಬ್ಬದ ತಳದಲ್ಲಿ ಒಂದು ಬಟ್ಟಲು, ಅದರಲ್ಲಿ ಗೆರೆಯ ತನಕ ಎಂಜಿನ್ ಆಯಿಲ್. ಮೇಲಿನಿಂದ ನುಗ್ಗಿದ ಗಾಳಿ ಎಣ್ಣೆಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಆ ರಭಸಕ್ಕೆ ಭಾರದ ಧೂಳು ಎಣ್ಣೆಯಲ್ಲೇ ಮುಳುಗುತ್ತದೆ. ಹಾರಿದ ಎಣ್ಣೆ ಮೇಲಿನ ಉಕ್ಕಿನ ಜಾಲರಿಯನ್ನು ನೆನೆಸುತ್ತಾ ಇರುತ್ತದೆ, ಉಳಿದ ಸಣ್ಣ ಧೂಳು ಅಲ್ಲಿ ಅಂಟಿಕೊಳ್ಳುತ್ತದೆ. ಸೋಸಿದ ಗಾಳಿ ರಬ್ಬರ್ ಹೋಸಿನ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಆ ಹೋಸಿನ ಕ್ಲ್ಯಾಂಪು ಸಡಿಲವಿದ್ದರೆ ಸಾಕು, ಕೆಮ್ಮಣ್ಣು ನೇರವಾಗಿ ಸಿಲಿಂಡರಿಗೆ.

ಬಟ್ಟಲು ಇಳಿಸಿ ನೋಡಿದೆ. ಕೆಮ್ಮಣ್ಣಿನ ಕೆಸರು, ಇರಬೇಕಾದ್ದೇ. ಅದನ್ನು ಹಳೇ ಎಣ್ಣೆಯ ಡ್ರಮ್ಮಿಗೆ ಸುರಿದು, ಬಟ್ಟಲು ಜಾಲರಿ ಎರಡನ್ನೂ ಡೀಸೆಲಿನಲ್ಲಿ ತೊಳೆದು, ಹೊಸ ಆಯಿಲ್ ಹಾಕಿದೆ. ಆಮೇಲೆ ಹೋಸಿನ ಒಳಮೈಗೆ ತೆಳ್ಳಗೆ ಗ್ರೀಸ್ ಸವರಿದೆ. ಫಿಲ್ಟರ್ ತಪ್ಪಿಸಿಕೊಂಡು ಧೂಳು ಬಂದರೆ ಗ್ರೀಸಿಗೆ ಅಂಟಿ ಸಾಕ್ಷಿ ಹೇಳಬೇಕು. ಹೊಸ ಬಡಾವಣೆಗೆ ಮಣ್ಣು ಹೊಡೆಯುತ್ತಿದ್ದ ಜಾಗಕ್ಕೆ ನಡುಮಧ್ಯಾಹ್ನ ಜೀಪು ಒಯ್ದು, ಟಿಪ್ಪರುಗಳ ಹಿಂದೆ ಹಿಂದೆಯೇ ಸುತ್ತಿದೆ. ಕಣ್ಣು ಬಾಯಿಯೆಲ್ಲ ಮಣ್ಣು. ವಾಪಸ್ ಬಂದು ಹೋಸ್ ಬಿಚ್ಚಿದರೆ ಗ್ರೀಸ್ ಸವರಿದಾಗ ಹೇಗಿತ್ತೋ ಹಾಗೇ ಇತ್ತು.

"ಆಯ್ತಲ್ಲ," ಅಂದರು ಅಪ್ಪಾಜಿ. "ಇನ್ನೇನ್ ನೋಡ್ಬೇಕು?"

ಧನುರ್ಮಾಸ ಮುಗಿಯುವ ತನಕ ಜೀಪು ಬಿಡಲಾಗದು ಎಂದು ಭಟ್ಟರು ಮೊದಲೇ ಹೇಳಿದ್ದರು. ಆಯಿಲ್ ಕ್ಯಾನು ಜೊತೆಗಿಟ್ಟು, ದಿನವೂ ಡಿಪ್‌ಸ್ಟಿಕ್ ನೋಡಿ ತುಂಬಿಕೊಳ್ಳಲು ಹೇಳಿ ಕಳಿಸಿಕೊಟ್ಟೆ. ಗ್ರೀಸನ್ನು ಹೋಸಿನಲ್ಲಿ ಹಾಗೇ ಬಿಟ್ಟಿದ್ದೆ.

ವಾರ ಕಳೆದು ಬಂದಾಗ ಹೋಸಿನೊಳಗೆ ಬೆರಳು ಹಾಕಿದೆ. ಗ್ರೀಸು ಕೆಂಪಾಗಿ, ಮರಳುಕಾಗದದ ಹಾಗೆ ಒರಟಾಗಿತ್ತು. ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ನನ್ನ ಕೈಯಲ್ಲಿ ಒಂದು ಕಾಳು ಧೂಳು ಬಿಡದ ಏರ್ ಕ್ಲೀನರ್ ಭಟ್ಟರ ಕೈಯಲ್ಲಿ ಗುಡ್ಡವನ್ನೇ ನುಂಗಿಸುತ್ತಿದೆ.

"ಕ್ಲ್ಯಾಂಪ್ ನೋಡು," ಅಂದರು ಅಪ್ಪಾಜಿ. ಕ್ಲ್ಯಾಂಪ್ ಏಕೆ, ಹೋಸನ್ನೇ ಹೊಸದು ಹಾಕಿದೆ. ಬಟ್ಟಲಿನ ವಾಷರ್ ಬದಲಾಯಿಸಿದೆ. ಬಟ್ಟಲಿನೊಳಗೆ ಇಣುಕಿದಾಗ ಎಣ್ಣೆ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು, ಗೆರೆಗೆ ಸರಿಯಾಗಿ.

"ಶುಕ್ರವಾರ ನಾನೇ ತೊಳೆದು ಹಾಕ್ದೆ," ಅಂದರು ಭಟ್ಟರು ಹೆಮ್ಮೆಯಿಂದ. "ವಾರಕ್ಕೊಂದ್ಸಲ ತಪ್ಸಲ್ಲ."

ಈ ಕಾಲದಲ್ಲಿ ಇಂಥ ಗಿರಾಕಿ ಎಲ್ಲಿ ಸಿಗುತ್ತಾರೆ ಅಂದುಕೊಂಡು ಬಟ್ಟಲು ಮುಚ್ಚಿದೆ. ಮೂಸಿ ನೋಡಲಿಲ್ಲ. ಗ್ಯಾರೇಜಿನಲ್ಲಿ ಇರುವವರ ಮೂಗಿಗೆ ಡೀಸೆಲ್ ಬಿಟ್ಟು ಬೇರೆ ವಾಸನೆ ಹತ್ತುವುದೂ ಇಲ್ಲ. ಮತ್ತೆ ಗ್ರೀಸ್ ಸವರಿ, ಮತ್ತೆ ಮಧ್ಯಾಹ್ನದ ಬಿಸಿಲಲ್ಲಿ ಟಿಪ್ಪರುಗಳ ಹಿಂದೆ ಸುತ್ತಿದೆ. ಮತ್ತೆ ಗ್ರೀಸ್ ಸ್ವಚ್ಛ. ಭಟ್ಟರು ಒಯ್ದು ನಾಲ್ಕು ದಿನ ಓಡಿಸಿ ತಂದರು. ಮತ್ತೆ ಕೆಂಪು.

ಹೊಗೆ ಈಗ ಇನ್ನೂ ದಪ್ಪಗಾಗಿತ್ತು. ಅಪ್ಪಾಜಿ ಕುರ್ಚಿಯಿಂದ ಎದ್ದು ಬಂದರು. "ಆಟ ಸಾಕು. ನಾಳೆ ಎಂಜಿನ್ ಇಳ್ಸು."

"ಬಿಚ್ಚಿದ್ರೆ ರಿಂಗ್ ಸವೆದಿರೋದು ಕಾಣತ್ತೆ ಅಪ್ಪಾಜಿ. ಯಾಕೆ ಸವೀತು ಅನ್ನೋದು ಕಾಣಲ್ಲ. ಹೊಸ ರಿಂಗ್ ಹಾಕಿದ್ರೆ ಅದೂ ಸವೆಯತ್ತೆ."

"ಮತ್ತೇನ್ ಮಾಡ್ತೀಯ?"

"ನಾಳೆ ಬೆಳಿಗ್ಗೆ ಭಟ್ರ ಜೊತೆ ಗುಡ್ಡಕ್ಕೆ ಹೋಗ್ತೀನಿ."

"ಪುಣ್ಯ ಬರತ್ತೆ ಹೋಗು," ಅಂದು ಅಪ್ಪಾಜಿ ಮತ್ತೆ ಕುರ್ಚಿಗೆ ಹೋದರು. ನನಗೂ ಅಂಥ ಧೈರ್ಯವೇನೂ ಇರಲಿಲ್ಲ. ಗುಡ್ಡದಲ್ಲಿ ಏನೂ ಸಿಗದಿದ್ದರೆ ಅಪ್ಪಾಜಿ ಹೇಳಿದ್ದಕ್ಕೆ ತಲೆಬಾಗುವುದೊಂದೇ ದಾರಿ.

ಇನ್ನೂ ಕತ್ತಲಿರುವಾಗ ವಿದ್ಯಾನಗರ ತಲುಪಿದೆ. ಚಳಿಗೆ ಸ್ಕೂಟರಿನ ಹಿಡಿಯ ಮೇಲೆ ಬೆರಳು ಸೆಟೆದಿದ್ದವು. ಭಟ್ಟರು ಮಡಿಯಲ್ಲಿದ್ದರು. ಹುಗ್ಗಿಯ ಪಾತ್ರೆಯನ್ನು ನಾನು ಮುಟ್ಟುವಂತಿರಲಿಲ್ಲ. ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಅಲ್ಲಾಡದ ಹಾಗೆ ಮೂರು ಕಡೆಯಿಂದ ಬಿಗಿದಿದ್ದರು. ನನಗೆ ಬೆಲ್ಟೂ ಇರಲಿಲ್ಲ. ಭದ್ರಾವತಿ ದಾಟಿ, ಶಂಕರಘಟ್ಟ ದಾಟಿ, ಟಾರು ರಸ್ತೆ ಮುಗಿದಲ್ಲಿ ಜಲ್ಲಿ ಲಾರಿಗಳು ಎದುರಾದವು. ಹೆಡ್‌ಲೈಟಿನ ಬೆಳಕಿನಲ್ಲಿ ಧೂಳು ಗೋಡೆಯ ಹಾಗೆ ನಿಂತಿತ್ತು. ಭಟ್ಟರು ಒಂದು ಕೈಯಲ್ಲಿ ಶಲ್ಯದಿಂದ ಮೂಗು ಮುಚ್ಚಿಕೊಂಡು ಆ ಗೋಡೆಯೊಳಗೇ ನುಗ್ಗಿಸಿದರು. ನನ್ನ ಕಿವಿ ಮಾತ್ರ ಎಂಜಿನ್ ಮೇಲೆ. ಅದು ಎಳೆದುಕೊಳ್ಳುತ್ತಿದ್ದ ಒಂದೊಂದು ಉಸಿರೂ ನನ್ನ ಎದೆಯೊಳಗೆ ಹೋದಂತೆ ಆಗುತ್ತಿತ್ತು.

ಗುಡ್ಡದ ಬುಡ ಬಂತು. ಭಟ್ಟರು ಫೋರ್ ವೀಲ್ ಲಿವರಿಗೆ ಕೈ ಹಾಕಿದರು.

"ನಿಲ್ಲಿಸಿ ಭಟ್ರೇ."

"ಈಗ್ಲಾ? ಬೆಳಕಾಗ್ತಾ ಬಂತು ಮಾರಾಯ್ತಿ!"

"ಒಂದ್ ನಿಮಿಷ. ಆಫ್ ಮಾಡಿ."

ಬಾನೆಟ್ ಎತ್ತಿ, ಕ್ಲಿಪ್ ಬಿಚ್ಚಿ, ಎಣ್ಣೆ ಚೆಲ್ಲದ ಹಾಗೆ ಬಟ್ಟಲನ್ನು ಮೆಲ್ಲಗೆ ಇಳಿಸಿಕೊಂಡೆ. ಮೊಬೈಲಿನ ಟಾರ್ಚ್ ಹಾಕಿದೆ. ಬಟ್ಟಲಿನ ತುಂಬ ಬೆಳ್ಳಗೆ, ತುಪ್ಪ ಹೆಪ್ಪುಗಟ್ಟಿದ ಹಾಗೆ ಏನೋ ಇತ್ತು. ಅದರ ಮೇಲೆ ಒಣ ಕೆಮ್ಮಣ್ಣು ನುಣ್ಣಗೆ ಹರಡಿತ್ತು. ಒಂದು ಕಣವೂ ಮುಳುಗಿರಲಿಲ್ಲ. ಊದಿದರೆ ಹಾರಿತು. ಬಟ್ಟಲನ್ನು ಓರೆ ಮಾಡಿದೆ, ಅಲುಗಲಿಲ್ಲ. ಪೂರ್ತಿ ಬೋರಲು ಹಾಕಿದೆ, ಒಂದು ತೊಟ್ಟೂ ಬೀಳಲಿಲ್ಲ. ಆ ಬೆಳಗಿನ ಶುದ್ಧ ಗಾಳಿಯಲ್ಲಿ ನನ್ನ ಮೂಗಿಗೂ ವಾಸನೆ ಹತ್ತಿತು. ಕೊಬ್ಬರಿ ಎಣ್ಣೆ!

ಚಳಿಗಾಲದಲ್ಲಿ ತಲೆಗೆ ಹಚ್ಚಿಕೊಳ್ಳಲು ಬಾಟಲಿಯನ್ನು ಬಿಸಿಲಿಗಿಡುವವಳು ನಾನೇ. ಮಧ್ಯಾಹ್ನ ಅದು ಕರಗಿ ನೀರಾಗುತ್ತದೆ, ಧೂಳು ಹಿಡಿಯುತ್ತದೆ, ಹೊಂಬಣ್ಣಕ್ಕೆ ಹೊಳೆಯುತ್ತದೆ. ಧನುರ್ಮಾಸದ ಬೆಳಗಿನಲ್ಲಿ, ಅದೂ ತಣ್ಣನೆ ಗಾಳಿ ಒಂದೇ ಸಮ ಬಡಿಯುವ ಬಟ್ಟಲಿನಲ್ಲಿ, ಕಲ್ಲಾಗಿ ಕೂರುತ್ತದೆ. ಜಾಲರಿಯ ಸಂದುಗಳಲ್ಲೂ ಅದೇ ಬಿಳಿ ಗಂಟು. ಗಂಟು ಕಟ್ಟದೆ ತೆರೆದಿದ್ದ ಸಂದುಗಳಿಂದ ಧೂಳು ಸಲೀಸಾಗಿ ನನ್ನ ಹೊಸ ರಿಂಗುಗಳಿಗೆ ಹೋಗಿದೆ.

ನಾನು ನಕ್ಕೆ. ಜೋರಾಗಿ, ಹುಚ್ಚಿಯ ಹಾಗೆ ನಕ್ಕೆ. ನನ್ನ ಕೈ ಕೆಟ್ಟಿರಲಿಲ್ಲ! ಆಮೇಲೆ ಭಟ್ಟರ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

"ಇದು ದೀಪದ ಎಣ್ಣೆ," ಅಂದರು ಅವರು. "ದೇವರ ಮುಂದೆ ಉರಿದು ಉಳಿದಿದ್ದು. ಕಾಲಲ್ಲಿ ತುಳಿಯೋ ಕಡೆ ಚೆಲ್ಲೋ ಹಾಗಿಲ್ಲ. ಈ ಜೀಪು ದೇವರದ್ದೇ ಕೆಲಸ ಮಾಡೋದಲ್ವಾ, ಇದಕ್ಕೆ ಹಾಕಿದ್ರೆ ಸಲ್ಲುತ್ತೆ ಅಂತ... ಮೊದ್ಲು ಎಳ್ಳೆಣ್ಣೆ ಇರ್ತಿತ್ತು. ಈ ವರ್ಷ ಭಕ್ತರೊಬ್ರು ಕೊಬ್ಬರಿ ಎಣ್ಣೆ ಡಬ್ಬ ಕೊಡ್ತಾ ಇದಾರೆ."

"ನಾನ್ ಎಂಜಿನ್ ಆಯಿಲ್ ಹಾಕಿ ಕೊಟ್ಟಿದ್ನಲ್ಲ ಭಟ್ರೇ!"

"ಶುಕ್ರವಾರ ತೊಳೀತೀನಲ್ಲ."

ಎಳ್ಳೆಣ್ಣೆ ಇಷ್ಟು ಚಳಿಗೆ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಇಷ್ಟು ವರ್ಷ ನಡೆದುಬಿಟ್ಟಿತ್ತು. ಕ್ಯಾನಿನಲ್ಲಿ ಎಂಜಿನ್ ಆಯಿಲ್ ಇತ್ತು. ಕೆಳಗೆ ಪೈಪಿನಿಂದ ಒಂದಿಷ್ಟು ಡೀಸೆಲ್ ಇಳಿಸಿಕೊಂಡು ಜಾಲರಿ ಉಜ್ಜತೊಡಗಿದೆ. ಗಂಟು ಬೇಗ ಬಿಡಲಿಲ್ಲ. ಭಟ್ಟರು ಪೂರ್ವದ ಕಡೆ ನೋಡುತ್ತಾ, ವಾಚ್ ನೋಡುತ್ತಾ, ಜೀಪಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಬೇಗ ಮಾಡು ಎಂದು ಒಂದು ಸಲವೂ ಹೇಳಲಿಲ್ಲ. ನಾವು ಮೇಲೆ ಮುಟ್ಟುವಾಗ ಬಿಸಿಲು ಗರ್ಭಗುಡಿಯ ಹೊಸ್ತಿಲು ದಾಟಿತ್ತು. ಭಟ್ಟರು ಗಂಟೆ ಬಾರಿಸುವುದನ್ನು ಹೊರಗೆ ನಿಂತು ಕೇಳಿದೆ. ಅವರ ನೈವೇದ್ಯ ತಡವಾದದ್ದು ನನ್ನಿಂದ. ಅದಕ್ಕೆ ಬೇಸರವೂ ಆಯಿತು.

ಪೂಜೆ ಮುಗಿಸಿ ಎಲೆಯಲ್ಲಿ ಹುಗ್ಗಿ ತಂದುಕೊಟ್ಟರು. ತಿನ್ನುತ್ತಾ ಕೇಳಿದೆ. "ದೀಪದ ಎಣ್ಣೆ ಹಾಕಿ ಅಂತ ನಿಮ್ಗೆ ಹೇಳಿದ್ ಪುಣ್ಯಾತ್ಮ ಯಾರು?"

ಅವರು ಕಂಬಕ್ಕೆ ಒರಗಿ ಕೂತರು. "ನಿಮ್ಮಪ್ಪಾಜೀನೇ. ಎಷ್ಟೋ ವರ್ಷ ಆಯ್ತು. ಒಂದ್ಸಲ ದಾರೀಲಿ ಬಟ್ಲು ಕಳಚಿ ಎಣ್ಣೆ ಎಲ್ಲ ಚೆಲ್ಲೋಗಿತ್ತು. ಅವ್ರೇ ಬಂದು ಕೂರ್ಸಿ, ಬೇರೆ ಎಣ್ಣೆ ಇಲ್ದೆ, ದೀಪದ್ದೇ ಹಾಕಿ ಭಟ್ರೇ, ಧೂಳು ಹಿಡಿದ್ರೆ ಸೈ ಅಂದ್ರು. ಅವ್ರ ಮಾತು ಅಂದ್ರೆ ನಂಗೆ ವೇದ." ಆಮೇಲೆ ದನಿ ಇಳಿಸಿದರು. "ಅವ್ರಿಗೆ ಹೇಳ್ಬೇಡ ಮಗಳೇ. ಮಂಡಿ ನೋವಲ್ಲೇ ಅರ್ಧ ಆಗಿದಾರೆ. ಭಟ್ಟ ತಪ್ಪು ಮಾಡ್ದ ಅಂತ್ಲೇ ಹೇಳು. ಸುಳ್ಳೇನಲ್ಲ ಅದು."

ವಾಪಸ್ ದಾರಿಯುದ್ದಕ್ಕೂ ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಒಂದು ಮನಸ್ಸು, ಶಟರಿನ ಮುಂದೆ ಇಳಿದ ಕೂಡಲೇ ಇಡೀ ಸವಳಂಗ ರಸ್ತೆಗೆ ಕೇಳುವ ಹಾಗೆ, ನಿಮ್ಮ ಮಾತಿನಿಂದಲೇ ಹಾಳಾದದ್ದು ಎಂದು ಕೂಗಬೇಕು ಅನ್ನುತ್ತಿತ್ತು. ಇನ್ನೊಂದಕ್ಕೆ ಆ ಮಂಡಿ, ಆ ಕುರ್ಚಿ ಕಾಣುತ್ತಿತ್ತು. ಭಟ್ಟರು ಒಂದೇ ಮಾತು ಕೇಳಿದರು: ಇನ್ನು ಮೇಲೆ ಆ ಎಣ್ಣೆ ಏನು ಮಾಡಲಿ? ಜೀಪಿನ ಬಾಗಿಲ ಕೀಲುಗಳು ಕಿರುಗುಟ್ಟುತ್ತಿವೆ, ಅವಕ್ಕೆ ಹಾಕಿ, ಸಲ್ಲುತ್ತದೆ ಅಂದೆ.

ಅಪ್ಪಾಜಿಗೆ ಕೊಬ್ಬರಿ ಎಣ್ಣೆಯ ವಿಷಯವಷ್ಟೇ ಹೇಳಿದೆ. ಹೆಪ್ಪುಗಟ್ಟಿದ ಎಣ್ಣೆಯನ್ನು ಒಂದು ಡಬ್ಬಿಯಲ್ಲಿ ತಂದಿದ್ದೆ. ಅಷ್ಟರಲ್ಲಿ ಅದು ಕರಗಲು ಶುರುವಾಗಿತ್ತು. ಅವರು ಮೂಸಿ ನೋಡಿದರು.

"ಏರ್ ಕ್ಲೀನರಿಗೆ ಇದನ್ನ ಹಾಕು ಅಂತ ಯಾರ್ ಹೇಳಿದ್ರಂತೆ?"

"ಅವ್ರೇ ಹಾಕ್ಕೊಂಡಿದ್ದು," ಅಂದೆ. ಸಿಟ್ಟಿನಲ್ಲೂ ಬಾಯಿಗೆ ಬಂದದ್ದು ಅದೇ.

ಅಪ್ಪಾಜಿ ಡಬ್ಬಿಯನ್ನು ಕೈಯಲ್ಲೇ ತಿರುಗಿಸುತ್ತಾ ಕೂತರು. ರಸ್ತೆಯಲ್ಲಿ ಎರಡು ಬಸ್ಸು ಹೋದವು. "ಇಲ್ಲ," ಅಂದರು. "ಲಕ್ಕವಳ್ಳಿ ಕಡೆ ರಸ್ತೇಲಿ ಕೆಟ್ಟು ನಿಂತಿತ್ತು ಈ ಗಾಡಿ. ನಾನೇ ಹೇಳಿದ್ದು. ಆವತ್ತಿನ್ ಮಟ್ಟಿಗೆ ಅಂದಿದ್ದೆ, ಆಮೇಲೆ ಬದಲಾಯ್ಸಿ ಅನ್ನೋದು ಮರ್ತೆ."

ಅವರ ಕೈಯಿಂದ ಡಬ್ಬಿ ತೆಗೆದುಕೊಂಡೆ. ನನ್ನ ಸಿಟ್ಟು ಎಲ್ಲಿಗೋ ಹೋಯಿತು, ಸಮಾಧಾನ ಮಾತ್ರ ಬರಲಿಲ್ಲ. ಧೂಳು ಹೋದದ್ದು ನಿಜ. ಆದರೆ ನನ್ನ ರಿಂಗಿನ ಕೆಲಸ ಸರಿ ಇತ್ತೇ ಎಂಬುದು ಬಿಚ್ಚಿದ ಮೇಲೇ ಖಚಿತವಾಗುವುದು. ಸಂಕ್ರಾಂತಿ ತನಕ ಕಾಯಬೇಕು. ಆ ದಿನಗಳನ್ನು ಹೇಗೆ ಕಳೆದೆನೋ, ಒಂದು ಸ್ಕೂಟರಿನ ಪ್ಲಗ್ಗನ್ನು ಎರಡೆರಡು ಸಲ ಬಿಚ್ಚಿ ಹಾಕಿದೆ.

ಧನುರ್ಮಾಸ ಮುಗಿದ ಮರುದಿನವೇ ಎಂಜಿನ್ ಇಳಿಸಿದೆ. ಹೆಡ್ ತೆಗೆದೆ. ಸಿಲಿಂಡರಿನ ಗೋಡೆಯಲ್ಲಿ, ಎಣ್ಣೆ ನಿಲ್ಲಲೆಂದು ಮೇಸ್ತ್ರಿ ಹಾಕಿಕೊಟ್ಟಿದ್ದ ಅಡ್ಡ ಓರೆ ಗೆರೆಗಳು ಮೇಲುಭಾಗದಲ್ಲಿ ಅಳಿಸಿಹೋಗಿ ಕನ್ನಡಿಯಾಗಿದ್ದವು. ಕೆಳಭಾಗದಲ್ಲಿ ಹಾಗೇ ಇದ್ದವು. ಡಯಲ್ ಹಾಕಿ ಬೋರುಗಳನ್ನೂ ಅಳೆದೆ. ರಿಂಗುಗಳನ್ನು ಒಂದೊಂದಾಗಿ ಬೋರಿನೊಳಗೆ ಕೂರಿಸಿ ಬಾಯಿಯ ಸಂದು ಅಳೆಯಲು ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿದೆ. ಎಲ್ಲ ಪಿಸ್ಟನ್ನಿನಲ್ಲೂ ಮೇಲಿನ ರಿಂಗೇ ಹೆಚ್ಚು ಸವೆದಿತ್ತು, ನಾಲ್ಕರಲ್ಲೂ ಒಂದೇ ಸಮ. ಧೂಳು ತಿಂದ ಎಂಜಿನ್ ಹೀಗೇ ಸವೆಯುವುದು. ಒಂದು ರಿಂಗೂ ತಲೆಕೆಳಗಾಗಿರಲಿಲ್ಲ, ಒಂದೂ ಮುರಿದಿರಲಿಲ್ಲ. ಅಪ್ಪಾಜಿ ಗೋಡೆ ಹಿಡಿದುಕೊಂಡು ಬಂದು ಒಂದು ಬೇರಿಂಗ್ ಎತ್ತಿ ಬೆಳಕಿಗೆ ಹಿಡಿದರು. ಒತ್ತಿದ ಗುರುತು ಅಂಚಿನಿಂದ ಅಂಚಿಗೆ ಸಮವಾಗಿತ್ತು, ಸರಿಯಾಗಿ ಕೂರಿಸಿದ್ದರೆ ಹಾಗೇ ಇರುವುದು. ಅದನ್ನು ಕೆಳಗಿಟ್ಟು ಇನ್ನೊಂದು ಎತ್ತಿದರು. ಅದನ್ನೂ ಇಟ್ಟರು.

"ಇದ್ನ ಮತ್ತೆ ಬೋರ್ ಹೊಡ್ಸೋದಾ," ಅಂದರು, "ಅಥ್ವಾ ಹೋನ್ ಮಾಡ್ಸಿ ರಿಂಗ್ ಅಷ್ಟೇ ಹಾಕೋದಾ?"

ಇಷ್ಟು ವರ್ಷ ಅವರು ನನ್ನನ್ನು ಕೇಳಿದ್ದೆಲ್ಲ ಉತ್ತರ ತಾವೇ ಇಟ್ಟುಕೊಂಡು ಕೇಳಿದ ಪ್ರಶ್ನೆಗಳು. ಈ ಸಲ ಅವರ ಮುಖದಲ್ಲಿ ಉತ್ತರ ಹುಡುಕಿದೆ, ಇರಲಿಲ್ಲ.

"ಬೋರ್ ಅಳತೆಯೊಳಗೇ ಇದೆ ಅಪ್ಪಾಜಿ. ಹೋನ್ ಮಾಡ್ಸಿ, ಗೋಡೆಗೆ ಹೊಸ್ದಾಗಿ ಗೆರೆ ಎಳ್ಸಿ, ರಿಂಗ್ ಹಾಕಿದ್ರೆ ಸಾಕು."

ಅವರು ಜೇಬಿನಿಂದ ಫೋನ್ ತೆಗೆದು ಭದ್ರಾವತಿಯ ಮೇಸ್ತ್ರಿಗೆ ಹಚ್ಚಿದರು. ಆ ಕಡೆಯಿಂದ ಮೇಸ್ತ್ರಿಯ ದೊಡ್ಡ ದನಿ ನನಗೂ ಕೇಳುತ್ತಿತ್ತು. ಹುಡುಗಿ ಹಾಕಿದ ರಿಂಗೇ ತಾನೇ ತಪ್ಪಾಗಿದ್ದು ಅನ್ನುತ್ತಿದ್ದರು.

"ತಪ್ಪು ನಂದು," ಅಂದರು ಅಪ್ಪಾಜಿ. "ಆಮೇಲ್ ಹೇಳ್ತೀನಿ ಕತೆ. ಈಗ ಬ್ಲಾಕ್ ಬರ್ತಾ ಇದೆ. ಏನ್ ಮಾಡ್ಬೇಕು ಅಂತ ನನ್ನ ಕೇಳ್ಬೇಡಿ. ನಮ್ ಮೇಸ್ತ್ರಿ ಇಲ್ಲೇ ಇದಾಳೆ, ಅವ್ಳೇ ಹೇಳ್ತಾಳೆ."

ಹೇಳಿ, ಫೋನನ್ನು ನನ್ನ ಕಡೆ ಚಾಚಿದರು.